ಪರೀಕ್ಷಿಸಿ ನೋಡಿ, ಅಥವಾ ಸ್ಥಾಪಿಸಿ

"ಬುದ್ಧಿ, ಒಂದನ್ನು ಹಿಡಿಯುವ ಮೊದಲು ಎಲ್ಲವನ್ನೂ ಪರೀಕ್ಷಿಸಿ ನೋಡುವುದು ತಪ್ಪೇ?"

ಹೀಗೆ ಕೇಳಿದವನು ಪಂಚಾಕ್ಷರಿ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಮೊದಲು ಜಪ ಹಿಡಿದ. ಅದು ಇನ್ನೇನು ಒಗ್ಗಿತು ಅನ್ನುವಾಗ ಬಿಟ್ಟು ಉಸಿರಿನ ಸಾಧನೆಗೆ ಹೋದ. ಆಮೇಲೆ ಆರು ತಿಂಗಳು ಮೌನ. ಆಮೇಲೆ ಹೊಳೆಯಾಚೆಯ ಇನ್ನೊಂದು ಮಠದಲ್ಲಿ ಮೂರು ತಿಂಗಳು. ಎಲ್ಲವೂ ಚೆನ್ನಾಗಿಯೇ ಇದ್ದವು. ಅವನ ತೊಂದರೆಯೇ ಅದು. ಒಂದಾದರೂ ಕೆಟ್ಟದ್ದಾಗಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಹಾಕುತ್ತಿದ್ದ.

ಅವನ ದೀಕ್ಷೆಗೆ ಗುರುಗಳು ಎರಡು ಸಲ ದಿನ ಗೊತ್ತುಮಾಡಿದ್ದರು. ಎರಡು ಸಲವೂ ಅವನು ಇನ್ನಷ್ಟು ಕಾಲ ಬೇಡಿದ್ದ. ಈಗ ಮೂರನೆಯ ಸಲ, ಬರುವ ಸೋಮವಾರಕ್ಕೆ ದಿನ ಗೊತ್ತಾಗಿತ್ತು. ಮಠಕ್ಕೆ ಬಂದಾಗ ತಂದಿದ್ದ ಚೀಲ ಅವನ ಕೋಣೆಯ ಗೋಡೆಯ ಮೊಳೆಯಲ್ಲಿ ಹಾಗೆಯೇ ತೂಗುತ್ತಿತ್ತು. ವಾರಕ್ಕೊಮ್ಮೆ ಅದರ ಮೇಲಿನ ದೂಳು ಕೊಡವುತ್ತಿದ್ದ.

ಗುರುಗಳು ದಾಸೋಹದ ಮನೆಯ ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು.

"ಕುಳಿತುಕೋ ರೇವಣ್ಣ" ಎಂದರು.

"ನಾನು ಪಂಚಾಕ್ಷರಿ, ಬುದ್ಧಿ."

"ಹೌದಲ್ಲ. ಪಂಚಾಕ್ಷರಿ."

ರೇವಣ್ಣ ಎನ್ನುವ ಶಿಷ್ಯ ಮಠ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಈಚೆಗೆ ಗುರುಗಳಿಗೆ ಹೆಸರುಗಳು ಹೀಗೆ ತಪ್ಪುತ್ತಿದ್ದವು. ಪಂಚಾಕ್ಷರಿ ಮೊರದ ಈಚೆ ಬದಿಯಲ್ಲಿ ಕುಳಿತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡ. ಗುರುಗಳು ಒಂದು ಕಾಯಿ ಸುಲಿದು, ಹುಳು ಇದೆಯೇ ಎಂದು ನೋಡಿ, ಕಾಳನ್ನು ಪಾತ್ರೆಗೆ, ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು.

"ಪರೀಕ್ಷಿಸುವುದು ತಪ್ಪಲ್ಲ" ಎಂದರು. "ಒಬ್ಬ ಗುಮಾಸ್ತನ ಕತೆ ಹೇಳುತ್ತೇನೆ, ಕೇಳು."

ಒಂದೂರಿನಲ್ಲಿ ಒಬ್ಬ ಗುಮಾಸ್ತನಿದ್ದ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿ ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಅವನ ಕೈಯಿಂದ ಒಂದು ತಪ್ಪೂ ಆಗಲಿಲ್ಲವೆಂದು ಜನ ಹೊಗಳುತ್ತಿದ್ದರು. ತಪ್ಪಾಗದಂತೆ ಇರುವ ದಾರಿ ಅವನಿಗೆ ತಿಳಿದಿತ್ತು. ಯಾರು ಬಂದು ಯಾವ ಕಡತ ಕೇಳಿದರೂ 'ಪರಿಶೀಲನೆಯಲ್ಲಿದೆ' ಎನ್ನುತ್ತಿದ್ದ. ಅದು ಸುಳ್ಳಲ್ಲ. ನಿಜವಾಗಿಯೂ ಪರಿಶೀಲಿಸುತ್ತಿದ್ದ. ಪರಿಶೀಲನೆ ಮುಗಿಯುತ್ತಿರಲಿಲ್ಲ, ಅಷ್ಟೆ.

ಆ ಊರಿಗೆ ಒಂದು ಕೆರೆ. ಕೆರೆಯ ಕೆಳಗೆ ಅರವತ್ತೆರಡು ಗದ್ದೆ. ಇಷ್ಟೂ ಗದ್ದೆಗೆ ಒಂದೇ ತೂಬಿನಿಂದ ನೀರು ಹರಿಯಬೇಕು. ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಆಮೇಲೆ, ಎಷ್ಟು ಹೊತ್ತು ಎಂಬುದನ್ನು ನೋಡಿಕೊಳ್ಳುವವನು ನೀರುಗಂಟಿ. ಅವನ ಅಪ್ಪನೂ ನೀರುಗಂಟಿ, ತಾತನೂ ನೀರುಗಂಟಿ. ಅವನಿಗೆ ಮಕ್ಕಳಿಲ್ಲ. ಓದು ಬರಹವಿಲ್ಲ. ಅರವತ್ತು ವರ್ಷದಿಂದ ಗುದ್ದಲಿ ಹೆಗಲಿಗೇರಿಸಿಕೊಂಡು ಆ ಕಾಲುವೆಯ ಪಕ್ಕದಲ್ಲಿ ನಡೆದಿದ್ದ.

ನೀರಿನ ಸರದಿ ನೀನು ಅಂದುಕೊಂಡಷ್ಟು ಸುಲಭವಲ್ಲ. ಬೇವಿನ ಮರದ ಗದ್ದೆಗೆ ಕಾಲುವೆಯ ನೀರೇ ಬೇಡ, ಮೇಲಿನ ಗದ್ದೆಯಿಂದ ಇಳಿದ ಬಸಿನೀರು ಸಾಕು. ವಿಧವೆಯೊಬ್ಬಳ ಗದ್ದೆ ಕಾಲುವೆಗಿಂತ ಎತ್ತರದಲ್ಲಿದೆ, ತೂಬು ಎತ್ತಿದ ಮೊದಲ ರಭಸದಲ್ಲಿ ಹೋಗದಿದ್ದರೆ ಅಲ್ಲಿಗೆ ನೀರು ಹತ್ತುವುದೇ ಇಲ್ಲ. ಅಣ್ಣತಮ್ಮಂದಿರ ಎರಡು ಗದ್ದೆಗೆ ಒಂದಾದ ಮೇಲೆ ಒಂದು ಬಿಡಬಾರದು, ನಡುವೆ ಬೇರೆಯವರ ಗದ್ದೆ ಬರಬೇಕು. ಇದಕ್ಕೆ ಕಾರಣ ಕೇಳಿದರೆ ನೀರುಗಂಟಿ ಹೇಳುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಅವನು ಸರದಿ ನೋಡಿಕೊಂಡ ತನಕ ಆ ಊರಿನಲ್ಲಿ ನೀರಿಗಾಗಿ ಒಂದು ಏಟು ಬಿದ್ದದ್ದಿಲ್ಲ.

ಆ ನೀರುಗಂಟಿಗೆ ಮರೆವು ಶುರುವಾಯಿತು. ಮೊದಲು ಜನರ ಹೆಸರು ಹೋಯಿತು. ಆಮೇಲೆ ವಾರಗಳು ಹೋದವು. ನೀರಿನ ಸರದಿ ಮಾತ್ರ ಇನ್ನೂ ಉಳಿದಿತ್ತು.

ಇಷ್ಟು ಹೇಳಿ ಗುರುಗಳು ಸುಲಿದ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಬುಟ್ಟಿಗೂ ಹಾಕಿದರು. ಪಂಚಾಕ್ಷರಿ ಎರಡನ್ನೂ ಅದಲುಬದಲು ಮಾಡಿದ.

ಊರಿನ ಹಿರಿಯರು ಸೇರಿದರು. ತೂಬು ಎತ್ತಲು ಇನ್ನು ಆರು ವಾರವಿದೆ, ಅಷ್ಟರೊಳಗೆ ಸರದಿಯನ್ನು ಬರೆದಿಡಬೇಕು ಎಂದರು. ಹಿಂದೊಮ್ಮೆ ಯಾರೋ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಗೆದ್ದಲು ಅದನ್ನು ಒಂದಕ್ಷರ ಬಿಡದೆ ಓದಿ ಮುಗಿಸಿತ್ತು. ಆದ್ದರಿಂದ ಈ ಸಲ ಕಂಪ್ಯೂಟರಿನಲ್ಲಿ ಹಾಕಿಸಿ, ಅಚ್ಚು ತೆಗೆದು, ಮನೆಗೊಂದು ಪ್ರತಿ ಕೊಡುವುದೆಂದು ತೀರ್ಮಾನವಾಯಿತು. ಕೆರೆ ಸಂಘದ ಕಾರ್ಯದರ್ಶಿ ನಮ್ಮ ಗುಮಾಸ್ತನೇ. ಕೆಲಸ ಅವನ ಪಾಲಿಗೆ ಬಂತು. ಅವನು ಹಿಗ್ಗಿಹೋದ. ನಿವೃತ್ತನಾದ ಮೇಲೆ ಅವನ ಮುಂದೆ ಬಂದ ಮೊದಲ ಕಡತ ಅದು.

ಸಂಘದ ಕೋಣೆಯಲ್ಲಿ ಒಂದು ಕಂಪ್ಯೂಟರಿತ್ತು. ಹದಿನಾಲ್ಕು ವರ್ಷ ಹಳೆಯದು. ಯಾರದೋ ಕಚೇರಿಯಲ್ಲಿ ಬೇಡವಾಗಿ ಸಂಘಕ್ಕೆ ದಾನವಾಗಿ ಬಂದದ್ದು. ಕರೆಂಟು ಹೋದರೆ ಅದನ್ನು ಹತ್ತು ನಿಮಿಷ ಉಳಿಸಬೇಕಾದ ಪೆಟ್ಟಿಗೆ ಎಂದೋ ಕೆಟ್ಟಿತ್ತು. ಗುಮಾಸ್ತ ಅದರ ಮೇಲೆ ಕಾಲು ಚಾಚಿಕೊಳ್ಳುತ್ತಿದ್ದ. ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ, ಮನೆಗೆ ಹೋಗಿ ಸ್ನಾನ ಮಾಡಿ, ಪೂಜೆ ಮುಗಿಸಿ, ತಿಂಡಿ ತಿಂದು ಬಂದರೆ ಅದು ಆಗತಾನೆ ಕಣ್ಣು ಬಿಡುತ್ತಿತ್ತು. ಒಂದು ಸಾಲು ಟೈಪ್ ಮಾಡಿದರೆ ಮೊದಲ ಅಕ್ಷರ ಕಾಣಿಸುವಷ್ಟರಲ್ಲಿ ಅವನು ಏನು ಬರೆಯಹೊರಟಿದ್ದನೆಂಬುದು ಅವನಿಗೇ ಮರೆಯುತ್ತಿತ್ತು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಗುಮಾಸ್ತ ಬಸ್ಸು ಹತ್ತಿ ಅವನ ಬಳಿಗೆ ಹೋದ.

"ಸಾರ್, ಇದನ್ನ ಗುಜರಿಗೆ ಹಾಕ್ಬೇಡಿ" ಎಂದ ರಿಪೇರಿಯವನು. "ಪೆಟ್ಟಿಗೆ ಗಟ್ಟಿಯಾಗೇ ಇದೆ. ಒಳಗಿರೋ ಆಪರೇಟಿಂಗ್ ಸಿಸ್ಟಮ್ ಇದಕ್ಕೆ ಭಾರ ಆಗಿದೆ. ಪುಕ್ಕಟೆ ಸಿಗೋ ಸಿಸ್ಟಮ್‌ಗಳು ಬೇಕಾದಷ್ಟಿವೆ, ಹಗುರವಾದವು. ಒಂದನ್ನ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ. ಚುಚ್ಚಿ ಶುರು ಮಾಡಿ. ಎರಡು ಗುಂಡಿ ಬರುತ್ತೆ. 'ಪರೀಕ್ಷಿಸಿ ನೋಡಿ' ಅಂತ ಒಂದು, 'ಸ್ಥಾಪಿಸಿ' ಅಂತ ಇನ್ನೊಂದು. ಮೊದಲನೇದು ಒತ್ತಿದ್ರೆ ಒಳಗಿರೋದನ್ನ ಮುಟ್ಟದೆ ಸುಮ್ನೆ ನಡೀತದೆ. ಒಪ್ಪಿಗೆಯಾದ್ರೆ ಎರಡನೇದು ಒತ್ತಿ. ಒಂದು ಮಾತು ನೆನಪಿಟ್ಕೊಳ್ಳಿ ಸಾರ್. ಪರೀಕ್ಷೆ ನೋಡುವಾಗ ಏನು ಮಾಡಿದ್ರೂ ಅದು ಉಳಿಯಲ್ಲ. ಆಫ್ ಆಯ್ತು ಅಂದ್ರೆ ಅದಕ್ಕೆ ನೀವು ಯಾರೋ, ನಾವು ಯಾರೋ."

ಗುಮಾಸ್ತ ತಲೆಯಾಡಿಸಿದ. ಹೊಸ ರಿಜಿಸ್ಟರ್ ಕೊಂಡು ಅದರ ಮೊದಲ ಪುಟದಲ್ಲಿ ಈ ಮಾತನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡ. ಎಚ್ಚರದ ಮನುಷ್ಯ.

ಮೊದಲನೆಯ ಸಿಸ್ಟಮ್ ತೆರೆದುಕೊಂಡಾಗ ಪರದೆಯ ಮೇಲೆ ಬೆಟ್ಟದ ಚಿತ್ರವಿತ್ತು. ಎರಡು ನಿಮಿಷದಲ್ಲಿ ಕಂಪ್ಯೂಟರ್ ಎದ್ದು ಕುಳಿತಿತು. ಗುಮಾಸ್ತನಿಗೆ ಅದು ಪವಾಡದಂತೆ ಕಂಡಿತು. ಆದರೆ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದವು. 'ಗದ್ದೆ' ಎನ್ನುವುದು ಗದ್ದೆಯ ಹಾಗೆ ಕಾಣಲಿಲ್ಲ. ರಿಜಿಸ್ಟರಿನಲ್ಲಿ ಬರೆದ. ಎರಡನೆಯದರಲ್ಲಿ ಎಲೆಯ ಚಿತ್ರ. ಅಕ್ಷರ ಸರಿಯಾಗಿತ್ತು, ಪ್ರಿಂಟರನ್ನು ಮಾತ್ರ ಅದು ಗುರುತಿಸಲಿಲ್ಲ. ಬರೆದ. ಮೂರನೆಯದು ಗಾಳಿಯಂತೆ ಓಡುತ್ತಿತ್ತು. ಆದರೆ ಅದರ ಮುಖ ಬೋಳುಬೋಳಾಗಿತ್ತು, ಬಡವರ ಮನೆಯ ಗೋಡೆಯ ಹಾಗೆ. ಅದನ್ನೂ ಬರೆದ. ನಾಲ್ಕನೆಯದನ್ನು ಚುಚ್ಚಿದಾಗ ಪರದೆ ಕಪ್ಪಾಗಿ ಹಾಗೆಯೇ ನಿಂತಿತು. ಅರ್ಧ ದಿನ ಅದರ ಮುಂದೆ ಕುಳಿತು, ಪರಿಶೀಲನೆಯಲ್ಲಿದೆ ಎಂದು ಬರೆದ.

ವಾರಕ್ಕೆ ಎರಡು ಸಲ ಪೇಟೆಗೆ ಹೋಗಿ ಪೆನ್‌ಡ್ರೈವಿನಲ್ಲಿ ಬೇರೊಂದನ್ನು ಹಾಕಿಸಿಕೊಂಡು ಬರುವುದು ಅವನಿಗೆ ಅಭ್ಯಾಸವಾಯಿತು. ರಿಪೇರಿಯವನು ಬೇಸರಪಡಲಿಲ್ಲ. ಹೀಗೆ ಸಿಸ್ಟಮ್ ಬದಲಾಯಿಸುತ್ತಲೇ ಬದುಕುವ ಇನ್ನೂ ಕೆಲವು ಗಿರಾಕಿಗಳನ್ನು ಅವನು ಕಂಡಿದ್ದ.

"ಬುದ್ಧಿ" ಎಂದ ಪಂಚಾಕ್ಷರಿ, ತಡೆಯಲಾರದೆ. "ಒಂದು ಕಾಗದದ ಮೇಲೆ ಬರೆದುಕೊಂಡಿದ್ದರೆ ಆಗುತ್ತಿರಲಿಲ್ಲವೇ?"

"ಅವನ ಹೆಂಡತಿಯೂ ಅದನ್ನೇ ಕೇಳಿದಳು" ಎಂದರು ಗುರುಗಳು. "'ಕಂಪ್ಯೂಟರ್ ಸಿದ್ಧವಾಗಲಿ, ಎರಡೆರಡು ಕೆಲಸ ಯಾಕೆ?' ಎಂದ ಅವನು. ಆಕೆ ಒಳಗೆ ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಯಾವ ಮಾತು ಎಲ್ಲಿ ನಿಲ್ಲಿಸಬೇಕೆಂದು ಆಕೆಗೂ ತಿಳಿದಿತ್ತು."

ನಾಲ್ಕು ವಾರ ಹೀಗೆ ಹೋಯಿತು. ಗುಮಾಸ್ತನಿಗೆ ತಲೆ ಕೆಡಲು ಶುರುವಾಯಿತು. ಒಂದು ಸಿಸ್ಟಮ್‌ನಲ್ಲಿ ಪಟ್ಟಿ ಕೆಳಗಿದ್ದರೆ ಇನ್ನೊಂದರಲ್ಲಿ ಮೇಲೆ. ಒಂದರಲ್ಲಿ ಮುಚ್ಚುವ ಗುರುತು ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಐದನೆಯದರ ಮುಂದೆ ಕುಳಿತು ಎರಡನೆಯದರ ಜಾಗದಲ್ಲಿ ಹುಡುಕುತ್ತಿದ್ದ. ಮನೆಗೆ ಬಂದರೆ ದೀಪದ ಸ್ವಿಚ್ಚಿಗಾಗಿ ಗೋಡೆಯ ತಪ್ಪು ಬದಿಯಲ್ಲಿ ಕೈಯಾಡಿಸುತ್ತಿದ್ದ. ಊಟಕ್ಕೆ ಕುಳಿತರೆ ಉಪ್ಪಿನಕಾಯಿ ಎಲೆಯ ಯಾವ ಮೂಲೆಯಲ್ಲಿರಬೇಕೆಂದು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ರಿಜಿಸ್ಟರ್ ತೆರೆದರೆ ಅದು ಇನ್ನೂ ಗೋಜಲು. 'ಅಕ್ಷರ ಮೂರನೆಯದರಷ್ಟು ಚೆನ್ನಾಗಿಲ್ಲ' ಎಂದು ಐದನೆಯದರ ಎದುರು ಬರೆದಿದ್ದ. ಮೂರನೆಯದರ ಎದುರು 'ಅಕ್ಷರ ಸಾಧಾರಣ' ಎಂದಿತ್ತು. ಹಾಗಾದರೆ ತಾನು ಮೆಚ್ಚಿದ ಅಕ್ಷರ ಯಾವುದರದು? ಮೂರನೆಯದನ್ನು ಮತ್ತೆ ಹಾಕಿಸಿ ತಂದು ನೋಡಿದ. ಅದು ಅವನ ನೆನಪಿನಲ್ಲಿದ್ದಂತೆ ಇರಲಿಲ್ಲ. ಬೇರೆಯವುಗಳನ್ನು ನೋಡಿಬಂದ ಕಣ್ಣಿಗೆ ಅದೂ ಬೇರೆಯಾಗಿತ್ತು.

ಅವನನ್ನು ಬಯ್ಯಬೇಡ. ಸೋಮಾರಿಯಲ್ಲ ಅವನು. ಅಷ್ಟು ದುಡಿದ ಮನುಷ್ಯ ಆ ತಿಂಗಳು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಏಳನೆಯದು ಬಂತು. ಅದರಲ್ಲಿ ಹಕ್ಕಿಯ ಚಿತ್ರವಿತ್ತು. ಒಂದೂವರೆ ನಿಮಿಷದಲ್ಲಿ ಎದ್ದಿತು. ಒತ್ತಕ್ಷರಗಳು ಬಿಡದೆ ಅಂಟಿಕೊಂಡವು. ಪ್ರಿಂಟರನ್ನು ಗುರುತಿಸಿತು. ಅವನ ಹಳೆಯ ಕನ್ನಡಕಕ್ಕೂ ಕಾಣುವಷ್ಟು ದೊಡ್ಡದಾಗಿ ಅಕ್ಷರ ತೋರಿಸಿತು. ಗುಮಾಸ್ತ ಕುರ್ಚಿಗೆ ಒರಗಿ ಉಸಿರುಬಿಟ್ಟ. ಹುಡುಕಾಟ ಮುಗಿಯಿತೆಂದು ಅವನ ಮನಸ್ಸಿಗೆ ಗೊತ್ತಾಯಿತು. ಎರಡನೆಯ ಗುಂಡಿಯನ್ನು ಒತ್ತಿದ.

ಪರದೆಯ ಮೇಲೆ ಒಂದು ವಾಕ್ಯ ಬಂತು. 'ಈ ಡಿಸ್ಕಿನಲ್ಲಿ ಈಗ ಇರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಬೇಕೇ?'

ಗುಮಾಸ್ತನ ಕೈ ನಿಂತಿತು. ಡಿಸ್ಕಿನಲ್ಲಿ ಏನಿದೆ? ಅವನಿಗೆ ಗೊತ್ತಿರಲಿಲ್ಲ. ಏನೋ ಇದ್ದೀತು. ಮೂವತ್ತು ವರ್ಷದಲ್ಲಿ ಮೇಲಿನವರ ಆದೇಶವಿಲ್ಲದೆ ಒಂದು ಹಾಳೆಯನ್ನೂ ಹರಿದವನಲ್ಲ ಅವನು. ಕೆರೆ ಸಂಘದ ಅಧ್ಯಕ್ಷನಿಗೆ ಪತ್ರ ಬರೆದು ಅನುಮತಿ ಕೇಳಿದ. ಅಧ್ಯಕ್ಷ ಎಮ್ಮೆ ತೊಳೆಯುತ್ತಿದ್ದವನು ಪತ್ರವನ್ನು ಒದ್ದೆ ಕೈಯಲ್ಲಿ ಹಿಡಿದು, "ನಿಮಗೆ ತಿಳಿದಂಗೆ ಮಾಡಿ ಸ್ವಾಮಿ" ಎಂದ. ಅದು ಆದೇಶವೇ? ಗುಮಾಸ್ತನಿಗೆ ಹಾಗನ್ನಿಸಲಿಲ್ಲ. ತನಗೆ ತಿಳಿದಂತೆ ಮಾಡಲು ಅವನು ಎಂದೂ ಕಲಿತಿರಲಿಲ್ಲ. ಹಿಂದಕ್ಕೆ ಬಂದು, ಮೊದಲನೆಯ ಗುಂಡಿಯನ್ನೇ ಒತ್ತಿದ. ಸದ್ಯಕ್ಕೆ ಹೀಗೇ ನಡೆಯಲಿ, ಒಳಗಿರುವುದನ್ನು ನೋಡಿ ಆಮೇಲೆ ಸ್ಥಾಪಿಸೋಣ ಎಂದುಕೊಂಡ.

ಇಲ್ಲಿ ಅವನೊಂದು ಉಪಾಯ ಮಾಡಿದ. ಆಫ್ ಆದರೆ ತಾನೇ ಮರೆಯುವುದು? ಕಂಪ್ಯೂಟರನ್ನು ಆರಿಸದೆಯೇ ಬಿಟ್ಟ. ಪರದೆಯನ್ನು ಮಾತ್ರ ಆರಿಸಿ ಮನೆಗೆ ಹೋಗುತ್ತಿದ್ದ. ಆ ದಿನಗಳಲ್ಲಿ ಕೆರೆ ತುಂಬಿತ್ತು, ಪಂಪುಗಳು ನಿಂತಿದ್ದವು, ಕರೆಂಟು ನೆಟ್ಟಗಿತ್ತು. ಒಂದು ದಿನ ಹೋಯಿತು, ಐದು ದಿನ ಹೋಯಿತು, ಹನ್ನೊಂದು ದಿನ ಹೋಯಿತು. ಹಕ್ಕಿಯ ಚಿತ್ರ ತೆಗೆದು ತಮ್ಮ ಊರಿನ ಕೆರೆಯ ಚಿತ್ರ ಹಾಕಿಕೊಂಡ. ಅಕ್ಷರದ ಗಾತ್ರ ತನಗೆ ಬೇಕಾದಂತೆ ಇಟ್ಟುಕೊಂಡ. ಗುರುತುಗಳನ್ನು ತನ್ನ ಕೈಗೆ ಒಗ್ಗುವಂತೆ ಸಾಲಾಗಿ ಜೋಡಿಸಿದ. ಈಗ ಕೈ ತಪ್ಪುತ್ತಿರಲಿಲ್ಲ. ಮನೆಯ ಸ್ವಿಚ್ಚೂ ಸಿಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಅದು ಅವನಿಗಾಗಿ ಕಾದಿರುತ್ತಿತ್ತು. ತಾನಿನ್ನೂ ಪರೀಕ್ಷಿಸಿ ನೋಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಕೆಂಪು ಶಾಯಿಯ ಪುಟ ರಿಜಿಸ್ಟರಿನಲ್ಲಿ ಹಾಗೆಯೇ ಇತ್ತು. ಅವನು ಅದನ್ನು ತಿರುವಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ನೀರುಗಂಟಿ ತಾನಾಗಿಯೇ ಬಂದ. ಹೆಗಲ ಮೇಲೆ ಗುದ್ದಲಿ.

"ಇವತ್ತು ಯೋಳ್ಬುಡ್ತೀನಿ ಸ್ವಾಮಿ, ಬರ್ಕಳಿ. ನಾಳಿಕ್ಕೆ ನನ್ ಮ್ಯಾಲೆ ನನ್ಗೇ ನಂಬ್ಕೆ ಇಲ್ಲ."

ಗುಮಾಸ್ತ ಕುರ್ಚಿ ಕೊಟ್ಟ. ನೀರುಗಂಟಿ ಕುಳಿತು ಬಾಯಿ ತೆರೆದ. ಏನೂ ಬರಲಿಲ್ಲ. ಸರದಿ ಅವನ ಬಾಯಿಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಎದ್ದು ಗುದ್ದಲಿಯನ್ನು ಹೆಗಲಿಗಿಟ್ಟುಕೊಂಡು ಆ ಕೋಣೆಯೊಳಗೆ ನಡೆಯತೊಡಗಿದ. ಬಾಗಿಲೇ ತೂಬು. ಅಲ್ಲಿಂದ ಎಂಟು ಹೆಜ್ಜೆ ಇಟ್ಟು ನಿಂತು, ಗುದ್ದಲಿ ಇಳಿಸಿ, ನೆಲಕ್ಕೆ ತಾಗದಂತೆ ಒಂದು ಏಟು ಹಾಕಿ, ಮೊದಲ ಗದ್ದೆಯ ಹೆಸರು ಹೇಳಿದ. ಎಷ್ಟು ಹೊತ್ತು ನೀರು ಎಂಬುದನ್ನೂ ಹೇಳಿದ. ಗುಮಾಸ್ತ ಟೈಪ್ ಮಾಡಿದ. ನೀರುಗಂಟಿ ತಿರುಗಿದ, ನಡೆದ, ನಿಂತ. ಎರಡನೆಯ ಗದ್ದೆ. ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಮುದುಕ ಆ ಪುಟ್ಟ ಕೋಣೆಯಲ್ಲಿ ಇಡೀ ಕಾಲುವೆಯನ್ನು ನಡೆದ. ವಿಧವೆಯ ಗದ್ದೆ ಬಂತು. ಬೇವಿನ ಮರ ಬಂತು. ಅಣ್ಣತಮ್ಮಂದಿರ ನಡುವೆ ಬೇರೆಯವರ ಗದ್ದೆ ಬಂತು. ಅರವತ್ತೆರಡನೆಯದು ಮುಗಿದಾಗ ಅವನ ಅಂಗಿ ಬೆವರಿನಲ್ಲಿ ನೆನೆದಿತ್ತು. ಗುಮಾಸ್ತನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದಲ್ಲಿ ಅವನು ಪೂರ್ತಿ ಮುಗಿಸಿದ ಮೊದಲ ಕೆಲಸ ಅದು ಅಂತ ಅವನಿಗೆ ಅನ್ನಿಸಿತು.

ಉಳಿಸು ಎಂದು ಕಂಪ್ಯೂಟರಿಗೆ ಹೇಳಿದ. ಉಳಿಸಿದ್ದೇನೆ ಎಂದು ಅದು ಹೇಳಿತು. ಸುಳ್ಳು ಹೇಳಲಿಲ್ಲ. ಎಚ್ಚರವಿರುವಷ್ಟು ಹೊತ್ತು ಅದು ಉಳಿಸಿಕೊಂಡಿತ್ತು.

ನೀರುಗಂಟಿ ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಅರವತ್ತು ವರ್ಷದಲ್ಲಿ ಅವನು ಅದನ್ನು ತನ್ನ ಮನೆಯಲ್ಲದೆ ಬೇರೆ ಗೋಡೆಗೆ ಒರಗಿಸಿದ್ದು ಅದೇ ಮೊದಲು. ಹಗುರವಾದವನಂತೆ ನಕ್ಕ. ಗುಮಾಸ್ತ ಅವನನ್ನು ಮನೆಗೆ ಕರೆದೊಯ್ದ. ಊಟ ಮಾಡಿ ಬಂದು ಅಚ್ಚು ತೆಗೆಯೋಣ ಎಂದುಕೊಂಡ. ಹೆಂಡತಿ ಇಬ್ಬರಿಗೂ ಮುದ್ದೆ ಬಡಿಸಿದಳು. ಎರಡನೆಯ ಮುದ್ದೆ ಇಡುವಾಗ ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಆಮೇಲೆ ನಿಂತಿತು.

ಗುಮಾಸ್ತ ಮೊದಲು ಏನೂ ಯೋಚಿಸಲಿಲ್ಲ. ಕರೆಂಟು ಹೋಯಿತು, ಬರುತ್ತದೆ ಎಂದ. ತುತ್ತು ಬಾಯಿಗೆ ಹೋಗುವ ಮೊದಲು ಕೆಂಪು ಶಾಯಿಯ ಪುಟ ಕಣ್ಣಮುಂದೆ ಬಂತು. ಎಂಜಲು ಕೈಯಲ್ಲೇ ಓಡಿದ.

ಕರೆಂಟು ಮತ್ತೆ ಬಂದಾಗ ಪರದೆಯ ಮೇಲೆ ಹಕ್ಕಿಯ ಚಿತ್ರವಿತ್ತು. ಕೆರೆಯ ಚಿತ್ರವಿರಲಿಲ್ಲ. ಅಕ್ಷರ ಸಣ್ಣದಾಗಿತ್ತು. ಅದು ಅವನನ್ನು ಎಂದೂ ಕಂಡೇ ಇರದಂತೆ ಎರಡು ಗುಂಡಿ ತೋರಿಸಿ ಮೊದಲ ದಿನದ ಪ್ರಶ್ನೆಯನ್ನೇ ಕೇಳಿತು. ಪರೀಕ್ಷಿಸಿ ನೋಡುವಿರೋ, ಸ್ಥಾಪಿಸುವಿರೋ?

ಗುಮಾಸ್ತ ಮನೆಗೆ ಬಂದು ನೀರುಗಂಟಿಯ ಮುಂದೆ ಕುಸಿದು ಕುಳಿತ. "ಎಲ್ಲ ಹೋಯಿತಪ್ಪ. ಇನ್ನೊಂದು ಸಲ ಹೇಳು. ಈ ಸಲ ಕಾಗದದ ಮೇಲೆ ಬರೆಯುತ್ತೇನೆ" ಎಂದ.

ನೀರುಗಂಟಿ ಕೈ ತೊಳೆದು ಎದ್ದ. ಇಬ್ಬರೂ ಕೋಣೆಗೆ ಬಂದರು. ಗುದ್ದಲಿ ಹೆಗಲಿಗೇರಿತು. ಬಾಗಿಲಿನಿಂದ ಎಂಟು ಹೆಜ್ಜೆ. ಮೊದಲ ಗದ್ದೆ. ಎರಡನೆಯದು. ಏಳನೆಯದು. ಹದಿನಾಲ್ಕನೆಯ ಗದ್ದೆಯ ಹೆಸರು ಹೇಳಿ ತಿರುಗಿದವನು ಅಲ್ಲಿಯೇ ನಿಂತ. ಒಂದು ಕಾಲು ಎತ್ತಿ, ಮತ್ತೆ ಅಲ್ಲಿಯೇ ಇಟ್ಟ. ಗುಮಾಸ್ತನ ಮುಖ ನೋಡಿದ.

"ಇಲ್ಲಿಂದ ಎಡಕ್ಕಾ, ಬಲಕ್ಕಾ ಸ್ವಾಮಿ?"

"ನನಗೆ ಹೇಗೆ ಗೊತ್ತಾಗಬೇಕು? ನೀನೇ ಹೇಳಬೇಕು."

"ಬೆಳಿಗ್ಗೆ ಯೋಳಿದ್ನಲ್ಲ. ನಿಮ್ಗೆ ಕೊಟ್ಬುಟ್ಟೆ. ಅದು ಈಗ ನಿಮ್ತಾವ ಐತೆ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಎಲ್ಲವೂ ಜಾರಿಹೋಗುತ್ತಿದ್ದರೂ ಊರಿಗೆ ಬೇಕೆಂದು ಅದೊಂದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದ. ತೆಗೆದುಕೊಳ್ಳುವವನು ಸಿಕ್ಕಿದ ಮೇಲೆ ಬಿಟ್ಟಿದ್ದ. ಬಿಟ್ಟದ್ದು ಮತ್ತೆ ಕೈಗೆ ಬರಲಿಲ್ಲ.

ತೂಬು ಎತ್ತುವ ದಿನ ಬಂತು. ಹದಿನಾಲ್ಕು ಗದ್ದೆಗೆ ನೀರು ಜಗಳವಿಲ್ಲದೆ ಹರಿಯಿತು. ಹದಿನೈದನೆಯದರ ಬಳಿ ಜನ ಸೇರಿದರು. ಒಬ್ಬ ನನ್ನದು ಎಂದ. ಇನ್ನೊಬ್ಬ ನನ್ನದು ಎಂದ. ಅಣ್ಣತಮ್ಮಂದಿರಿಬ್ಬರು ಗುದ್ದಲಿ ಎತ್ತಿದರು. ಒಬ್ಬನ ತಲೆಗೆ ಏಳು ಹೊಲಿಗೆ ಬಿತ್ತು. ಕೆರೆಯಲ್ಲಿ ನೀರು ತುಂಬಿದ್ದ ವರ್ಷವೇ ಆ ಊರಿನಲ್ಲಿ ಪೈರು ಒಣಗಿತು. ನೀರುಗಂಟಿ ಏರಿಯ ಮೇಲೆ ಕುಳಿತು, ಈ ಕೆರೆ ಯಾವೂರಿನದು ಎಂದು ಬಂದವರನ್ನು ಕೇಳುತ್ತಿದ್ದ.

ಗುಮಾಸ್ತ ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಸಿಸ್ಟಮ್ ಅನ್ನೇ ಶುರು ಮಾಡಿದ. ಅದು ಕಣ್ಣು ಬಿಡುವವರೆಗೆ ಎದುರಿಗೇ ಕುಳಿತಿದ್ದ. ಅಳಿಸಿಹೋದೀತೆಂದು ತಾನು ಇಷ್ಟು ದಿನ ಕಾಪಾಡಿದ್ದು ಏನೆಂದು ನೋಡಬೇಕಿತ್ತು. ಡಿಸ್ಕಿನಲ್ಲಿ ಯಾರದೋ ಸಾಂದರ್ಭಿಕ ರಜೆಯ ಅರ್ಜಿಯ ನಮೂನೆ ಇತ್ತು. ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಇತ್ತು. ಅರ್ಧ ಆಡಿ ಬಿಟ್ಟ ಒಂದು ಇಸ್ಪೀಟಿನ ಆಟವಿತ್ತು. ಬೇರೇನೂ ಇರಲಿಲ್ಲ. ಗುಮಾಸ್ತ ಬಹಳ ಹೊತ್ತು ಅದನ್ನು ನೋಡಿದ. ಅತ್ತನೆಂದು ಕೆಲವರು ಹೇಳುತ್ತಾರೆ. ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಎರಡನೆಯ ಗುಂಡಿ ಒತ್ತಿ, ಮುಂದುವರಿಯಬೇಕೇ ಎಂದು ಕೇಳಿದ್ದಕ್ಕೆ ಹೌದು ಎಂದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕಂಪ್ಯೂಟರ್ ಈಗಲೂ ಚೆನ್ನಾಗಿ ನಡೆಯುತ್ತಿದೆ. ಅದರಲ್ಲಿ ನೀರಿನ ಸರದಿ ಎಂಬ ಒಂದು ಬರಹವಿದೆ. ಹದಿನಾಲ್ಕು ಸಾಲು.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಇನ್ನು ನಾಲ್ಕೈದು ಕಾಯಿ ಉಳಿದಿದ್ದವು.

ಪಂಚಾಕ್ಷರಿಗೆ ದಾರಿ ಸಿಕ್ಕಿದಂತೆಯೂ ಆಯಿತು, ಕೈತಪ್ಪಿದಂತೆಯೂ ಆಯಿತು. ಏಳನ್ನೂ ನೋಡಿದ್ದಕ್ಕೇ ತಾನೇ ಒಳ್ಳೆಯದು ಸಿಕ್ಕಿದ್ದು? ಮೊದಲನೆಯದಕ್ಕೇ ನಿಂತಿದ್ದರೆ ಅಕ್ಷರವೇ ಮೂಡುತ್ತಿರಲಿಲ್ಲ. ಹಾಗಾದರೆ ಹುಡುಕಿದ್ದು ಸರಿ. ಸರಿಯಾದರೆ ಇಷ್ಟೆಲ್ಲ ಹಾಳಾದದ್ದು ಯಾಕೆ? ತಲೆಯೊಳಗೆ ಒಂದರ ಮೇಲೊಂದು ಪ್ರಶ್ನೆಗಳು ಎದ್ದವು. ಎಲ್ಲಕ್ಕಿಂತ ಮೊದಲು ಕೈಗೆ ಸಿಕ್ಕಿದ್ದನ್ನು ಕೇಳಿದ.

"ಏಳರಲ್ಲಿ ಯಾವುದು ಒಳ್ಳೆಯದು ಬುದ್ಧಿ?"

"ಅವನಿಗೆ ಏಳನೆಯದು. ಬೇರೆಯವರಿಗೆ ಬೇರೆ."

"ಹಾಗಾದರೆ ಅವನು ಸರಿಯಾದದ್ದನ್ನೇ ಆರಿಸಿದ್ದ. ತಪ್ಪಿದ್ದೆಲ್ಲಿ?"

ಗುರುಗಳು ಕೊನೆಯ ಕಾಯಿಯನ್ನು ಸುಲಿದರು. ಕಾಳು ಕೈಯಲ್ಲಿತ್ತು. ಅದನ್ನು ಬುಟ್ಟಿಗೆ ಹಾಕಬೇಕೋ ಪಾತ್ರೆಗೆ ಹಾಕಬೇಕೋ ಎಂಬಂತೆ ಒಂದು ಗಳಿಗೆ ಕೈ ನಡುವೆಯೇ ನಿಂತಿತು. ಪಂಚಾಕ್ಷರಿ ಮೆಲ್ಲನೆ ಪಾತ್ರೆಯನ್ನು ಅವರ ಕೈಯ ಕೆಳಗೆ ಸರಿಸಿದ. ಕಾಳು ಅದರಲ್ಲಿ ಬಿತ್ತು.

"ರೇವಣ್ಣ" ಎಂದರು ಗುರುಗಳು.

ಈ ಸಲ ಅವನು ತಿದ್ದಲಿಲ್ಲ. ಅವನಿಗೆ ಭಯವಾಯಿತು. ಸೋಮವಾರಕ್ಕೆ ಇನ್ನು ಎಷ್ಟು ದಿನ ಎಂದು ಎಣಿಸಿದ.

"ನಿನ್ನ ಕೋಣೆಯ ಮೊಳೆಗೆ ತೂಗುಹಾಕಿರುವ ಚೀಲದಲ್ಲಿ ಏನಿದೆ?"

ಹೇಳಲು ಪಂಚಾಕ್ಷರಿ ಬಾಯಿ ತೆರೆದ. ನೆನಪಾಗಲಿಲ್ಲ.